ಚಂಡಿ ಕೈ

ಏಪ್ರಿಲ್ ೧, ಮಂಗಳವಾರ

ಇಂದಿನಿಂದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹಂಗಾಮು. ಸೆಪ್ಟೆಂಬರ್ ಕೊನೆಯವರೆಗೂ ನಡೆಯುತ್ತದೆ. ಇದನ್ನು ಇಲ್ಲಿ ‘ಓಪನ್ ಸೀಸನ್’ ಎನ್ನುತ್ತಾರೆ. ಮೀನಿನ ಕಡೆಯಿಂದ ಇದಕ್ಕೆ ಏನು ಹೆಸರೋ ಯಾರೂ ಬರೆದಿಲ್ಲ.

ಗಾಳ ಹಾಕುವುದನ್ನು ವಿರೋಧಿಸುವ ನಮ್ಮ ಗುಂಪಿನಲ್ಲಿ ಏಳು ಜನ. ಮುಂದಾಳು ಅನೀಶ್. ಅವನು ಇಲ್ಲೇ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಲಂಡನ್ನಿನ ದಕ್ಷಿಣಕ್ಕೆ ಕಾರ್ಶಲ್ಟನ್ ಹತ್ತಿರ ವಾಂಡಲ್ ಎಂಬ ಸಣ್ಣ ಹೊಳೆ ಇದೆ. ಅದರ ಅರ್ಧ ಮೈಲಿ ದಡವನ್ನು ಕೌನ್ಸಿಲ್ ಒಂದು ಗಾಳದ ಸಂಘಕ್ಕೆ ಬಿಟ್ಟುಕೊಟ್ಟಿದೆ. ಈ ವರ್ಷ ಅವಧಿ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ಮೇ ಹದಿನೈದಕ್ಕೆ ಸಾರ್ವಜನಿಕರ ಮಾತು ಕೇಳುತ್ತಾರೆ. ನಮ್ಮ ಕಡೆಯಿಂದ ಮೂರು ನಿಮಿಷ ಮಾತಾಡುವವಳು ನಾನು. ಅಷ್ಟರೊಳಗೆ ಮೀನಿಗೆ ಆಗುವ ಹಿಂಸೆಗೆ ಸಾಕ್ಷಿ ಬೇಕು. ಸಂಘದವರು ಭಾನುವಾರ ಹೊಸಬರಿಗೆ ಕಲಿಸುತ್ತಾರೆ. ನಾನು ಕಲಿಯುವವಳಂತೆ ಸೇರಿಕೊಂಡಿದ್ದೇನೆ.

ಮೀನನ್ನು ಹಿಡಿದು ತಿನ್ನುವವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಇವರು ಬಾಯಿಗೆ ಕೊಕ್ಕೆ ಚುಚ್ಚಿ, ಎಳೆದು, ನೋಡಿ, ಬಿಟ್ಟುಬಿಡುತ್ತಾರೆ. ಹಸಿವೆಯೂ ಇಲ್ಲದ ಹಿಂಸೆ.

ನಾನು ಕಾಲೇಜಿಗೆ ಹೋದವಳಲ್ಲ, ಕರಪತ್ರ ಓದಿ ಕಲಿತವಳು. ನೆಲದಡಿಯ ಟ್ಯೂಬ್ ರೈಲಿನ ಸ್ಟೇಷನ್ ಮೆಟ್ಟಿಲಲ್ಲಿ ಕೊಟ್ಟದ್ದು, ಮೆರವಣಿಗೆಯಲ್ಲಿ ಸಿಕ್ಕಿದ್ದು, ಲೈಬ್ರರಿಯ ಬಾಗಿಲ ಬಳಿ ಇಟ್ಟದ್ದು, ಎಲ್ಲವೂ ಮಂಚದ ಕೆಳಗೆ ಎರಡು ಬೂಟಿನ ಡಬ್ಬಿ ತುಂಬಿವೆ. ಪುಸ್ತಕ ಬರೆಯುವವರಿಗೆ ಪುರುಸೊತ್ತಿರುತ್ತದೆ. ಕರಪತ್ರ ಬರೆಯುವವರಿಗೆ ಇರುವುದಿಲ್ಲ. ಅದಕ್ಕೇ ನಾನು ಅವರನ್ನು ನಂಬುತ್ತೇನೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಗುಟ್ಟು ಉಳಿಯಲೆಂದು. ಅನೀಶ್ ಓದಲಾರ. ಅವ್ವ ಓದಬಲ್ಲಳು, ಆದರೆ ನಾನು ಬರೆದದ್ದನ್ನು ಓದುವ ಆಸಕ್ತಿ ಅವಳಿಗಿಲ್ಲ.

ಏಪ್ರಿಲ್ ೬, ಭಾನುವಾರ

ಕಿಂಗ್ಸ್‌ಬರಿಯ ನಮ್ಮ ಮನೆಯಿಂದ ಎರಡು ಟ್ಯೂಬ್, ಒಂದು ರೈಲು. ಒಂದೂವರೆ ತಾಸು.

ಹೊಸಬರು ಆರು ಜನ. ಕಲಿಸುವವನು ಯಾರೋ ಕೆಂಪು ಮುಖದ ಇಂಗ್ಲಿಷಿನವನಿರಬಹುದು ಎಂದುಕೊಂಡಿದ್ದೆ. ಸಂಘದ ಹಸಿರು ಟೋಪಿ ಹಾಕಿಕೊಂಡು ನಿಂತಿದ್ದವರು ಕುಳ್ಳಗಿನ, ಕಪ್ಪು ಮೈಯ, ಅರವತ್ತರ ಹತ್ತಿರದ ಮನುಷ್ಯ. ಹೆಸರು ಪುರಂದರ. ರಬ್ಬರಿನ ಉದ್ದ ಬೂಟಿನ ಬಕಲ್ ಸಿಕ್ಕಿಕೊಂಡಾಗ ನಾನು ನನ್ನಷ್ಟಕ್ಕೆ “ಏನ್ ಕಾಟಪಾ ಶಿವನ” ಅಂದೆ. ಅವರು ತಿರುಗಿ ನಿಂತರು.

“ಹ್ವಾಯ್, ಕನ್ನಡದ್ ಹೆಣ್ಣಾ ನೀನ್?”

ಗುಟ್ಟಾಗಿ ಬಂದವಳ ಗುಟ್ಟು ಐದು ನಿಮಿಷವೂ ಉಳಿಯಲಿಲ್ಲ. ವಿಜಯಪುರದವಳು, ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದವಳು, ಹೆಸರು ಸೌಜನ್ಯಾ ಎಂದು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಅವರು ಕುಂದಾಪುರದ ಕಡೆಯವರು, ಕಡಲಿನ ಮೀನುಗಾರರ ಮನೆ. ಮೂವತ್ತು ವರ್ಷದಿಂದ ಇಲ್ಲಿನ ಹೋಟೆಲುಗಳಲ್ಲಿ ಅಡುಗೆ. ಮನೆ ಇಲ್ಫರ್ಡಿನಲ್ಲಿ. ಭಾನುವಾರ ರಜೆ.

ಅವರ ಕನ್ನಡ ನನಗೆ ಅರ್ಧ ತಿಳಿಯುತ್ತದೆ, ನನ್ನದು ಅವರಿಗೆ ಮುಕ್ಕಾಲು. ಉಳಿದದ್ದನ್ನು ಇಬ್ಬರೂ ಊಹಿಸಿಕೊಂಡೆವು.

ಕೋಲು ಏಳು ಅಡಿ, ಅವ್ವನ ಲಟ್ಟಣಿಗೆಗಿಂತ ಹಗುರ. ತುದಿಯಲ್ಲಿ ದಾರ, ದಾರದ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆ, ಅದರ ಕೊನೆಗೆ ನೊಣ. ನೊಣವೆಂದರೆ ನಿಜದ್ದಲ್ಲ, ಸಣ್ಣ ಕೊಕ್ಕೆಗೆ ಗರಿ ಮತ್ತು ನೂಲು ಸುತ್ತಿದ್ದು. ಪುರಂದರ ಅವರು ತಮ್ಮ ಹೆಂಡತಿಯ ಹಳೆಯ ಸೀರೆಯ ಜರಿಯಿಂದ ಕಟ್ಟುತ್ತಾರಂತೆ. ಇವತ್ತು ನೀರಿಗೆ ಇಳಿಯಲಿಲ್ಲ. ಕೊಕ್ಕೆಯ ಬದಲು ಹಳದಿ ಉಣ್ಣೆ ಕಟ್ಟಿ, ಹುಲ್ಲಿನ ಮೇಲೆ ದಾರ ಬೀಸುವುದನ್ನು ಕಲಿಸಿದರು. ನನ್ನ ಬಲಗೈಯ ನಡುಬೆರಳು ಅರ್ಧವೇ ಇರುವುದನ್ನು ನೋಡಿ ಏನಾಯಿತು ಎಂದು ಕೇಳಿದರು. ಆರನೇ ವಯಸ್ಸಿನಲ್ಲಿ ಟಂಟಂ ಗಾಡಿಯ ಬಾಗಿಲಿಗೆ ಸಿಕ್ಕಿದ್ದು ಎಂದೆ. ಕೋಲು ಹಿಡಿಯಲು ಮೊಂಡು ಬೆರಳೇ ಲಾಯಕ್ಕು ಅಂದರು.

ಎಲ್ಲರಿಗೂ ಸಂಘದ ಒಂದು ಕರಪತ್ರ ಕೊಟ್ಟರು. ಶತ್ರುವಿನ ಕರಪತ್ರ. ಓದದೆ ಮಡಚಿ ಈ ಪುಸ್ತಕದ ಹಿಂದಿನ ಜೇಬಿಗೆ ಹಾಕಿದ್ದೇನೆ.

ಏಪ್ರಿಲ್ ೮, ಮಂಗಳವಾರ

ಪಾರ್ಕ್ ರಾಯಲ್, ನಾನು ದುಡಿಯುವ ಫ್ಯಾಕ್ಟರಿ. ಇವತ್ತು ಮಾವಿನಕಾಯಿ ಉಪ್ಪಿನಕಾಯಿಯ ಲೈನ್. ಸೂಪರ್‌ವೈಸರ್ ವಿಶಾಲಾಕ್ಷಿ ಹೊಸ ಹುಡುಗಿಯೊಬ್ಬಳನ್ನು ಕೈ ತೊಳೆದು ಒರೆಸಿಕೊಳ್ಳದೆ ಬಂದದ್ದಕ್ಕೆ ವಾಪಸ್ಸು ಕಳಿಸಿದರು. ಒಂದು ಹನಿ ನೀರು ಬಿದ್ದರೆ ಇಡೀ ಬ್ಯಾಚಿಗೆ ಬೂಸ್ಟು. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಒದ್ದಿ ಕೈಲೆ ಮುಟ್ಟಬ್ಯಾಡ” ಎಂಬ ಮಾತು ಕೇಳಿಕೊಂಡೇ ಬೆಳೆದವಳು.

ಗ್ಲೌಸಿನ ನಡುಬೆರಳಿನ ತುದಿ ಖಾಲಿ ತೂಗಾಡುತ್ತದೆ. ಟೇಪು ಸುತ್ತಿಕೊಳ್ಳುತ್ತೇನೆ.

ಏಪ್ರಿಲ್ ೧೩, ಭಾನುವಾರ

ಇವತ್ತು ಒಂದು ಮೀನನ್ನು ಕಾಪಾಡಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಮುಂದೆ ಬೇಕಾಗುತ್ತದೆ.

ಹೊಸಬರಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮನ್, ಎಪ್ಪತ್ತು ದಾಟಿದವರು, ಹೇಳಿದ್ದನ್ನು ಮರೆಯುತ್ತಾರೆ. ಅವರಿಗೆ ಹೇಗೆ ಬೀಸಬೇಕೆಂದು ತೋರಿಸಲು ಪುರಂದರ ಅವರು ಎದುರು ದಡದ ಹತ್ತಿರ ನೀರಿನಲ್ಲಿ ನಿಂತು ದಾರ ಬಿಟ್ಟರು. ಹೊಳೆ ದಾಟುವ ಕಾಲುಸಂಕದ ಕೆಳಗೆ ಒಂದು ಟ್ರೌಟ್ ಕಚ್ಚಿತು. ಅದು ದಾರ ಎಳೆದುಕೊಂಡು ನಾನಿದ್ದ ದಡಕ್ಕೇ ಬಂದು, ನನ್ನ ಬೂಟಿನ ಮುಂದಿನ ಕಲ್ಲುಗಳಲ್ಲಿ ಒದ್ದಾಡತೊಡಗಿತು. ಅವರು ಅಲ್ಲಿಂದ ಬರಲು ಹೊತ್ತು ಹಿಡಿಯುತ್ತಿತ್ತು.

“ಕೈ ಚಂಡಿ ಮಾಡ್ಕಣ್,” ಎಂದು ಕೂಗಿದರು. “ಕೈ ಚಂಡಿ ಮಾಡ್ಕಂಡ್ ಹಿಡಿ, ಹೆಣ್ಣೆ.”

ಮೀನುಗಾರರ ಮನೆಯವರು ಹೀಗೆ ಹೇಳುತ್ತಾರೆ ಎಂದು ಗುರುತು ಹಾಕಿಕೊಂಡೆ. ಕೈಯನ್ನು ಚಂಡಿಯ ಹಾಗೆ ಮಾಡಿಕೊಳ್ಳಬೇಕು, ಅಂಜಬಾರದು, ಬಿಡಬಾರದು. ಹಿಂಸೆಗೂ ಒಂದು ಭಾಷೆ ಇರುತ್ತದೆ. ಆದರೆ ಆ ಗಳಿಗೆಗೆ ಅವರ ಮಾತು ಸರಿಯಾಗಿಯೇ ಇತ್ತು, ಮೀನು ಜಾರುತ್ತಿತ್ತು. ನನ್ನ ಜನ್ಮದಲ್ಲಿ ನಾನು ಮೀನು ಮುಟ್ಟಿರಲಿಲ್ಲ. ಕೈಯನ್ನು ಜಾಕೆಟ್ಟಿಗೆ ಚೆನ್ನಾಗಿ ಒರೆಸಿಕೊಂಡೆ, ಎರಡೆರಡು ಸಲ. ಬಗ್ಗಿ ಬಲಗೈಯಿಂದ ಗಟ್ಟಿಯಾಗಿ ಹಿಡಿದೆ. ಮೈಮೇಲೆಲ್ಲ ಲೋಳೆ. ತುಟಿಯಿಂದ ಕೊಕ್ಕೆ ತೆಗೆದೆ, ಮುಳ್ಳಿಲ್ಲದ ಕೊಕ್ಕೆ, ಸುಲಭವಾಗಿ ಬಂತು. ನೀರಿಗೆ ಬಿಟ್ಟೆ. ಒಂದು ಕ್ಷಣ ನಿಂತು, ಹೋಯಿತು.

ಅವರು ಏದುಸಿರು ಬಿಡುತ್ತ ಬಂದು, “ಚಂಡಿ ಆಯ್ತಾ ಕೈ?” ಎಂದು ಕೇಳಿದರು.

“ಆತ್ರಿ. ಭಾಳ ಚಂಡಿ ಆತು.”

ಅವರಿಗೆ ಖುಷಿಯಾಯಿತು. ಮೊದಲನೇ ಸಲಕ್ಕೇ ಹೀಗೆ ಮಾಡಿದವರನ್ನು ತಾವು ನೋಡಿಲ್ಲ ಎಂದು ಉಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಹೊಗಳಿಕೆಯಿಂದ ನನಗೇನೂ ಆಗಲಿಲ್ಲ.

ಮೀನಿನ ಪಕ್ಕೆಯಲ್ಲಿ ಕೆಂಪು ಚುಕ್ಕೆಗಳಿವೆ. ಪ್ರತಿ ಚುಕ್ಕೆಯ ಸುತ್ತ ಒಂದು ತಿಳಿ ಬಳೆ. ಇದು ಸಾಕ್ಷಿಗೆ ಸಂಬಂಧಪಟ್ಟದ್ದಲ್ಲ.

ಏಪ್ರಿಲ್ ೧೫, ಮಂಗಳವಾರ

ಭಾನುವಾರ ಭಾನುವಾರ ಎಲ್ಲಿಗೆ ಹೋಗುತ್ತೀ ಎಂದು ಅವ್ವ ಕೇಳಿದಳು. ಹೊಳೆಗೆ ಎಂದೆ. ನೀರು ನೋಡಲು ಅಷ್ಟು ದೂರ ಯಾಕೆ, ಕಿಟಕಿ ತೆಗೆದರೆ ಮಳೆ ಸುರಿಯುತ್ತಲೇ ಇರುತ್ತದಲ್ಲ ಎಂದಳು. ಚಿಕ್ಕಮ್ಮ ತಂದ ಸಂಬಂಧದ ಹುಡುಗ ಮುಂದಿನ ಭಾನುವಾರ ನನ್ನನ್ನು ನೋಡಲು ಬರುವವನಿದ್ದ, ನಾನು ಒಪ್ಪಲಿಲ್ಲ.

“ಒಂದ್ ಹಿಡದ್ರ ಬಿಡಂಗಿಲ್ಲ ನೀ. ಸಣ್ಣಾಕಿ ಇದ್ದಾಗಿಂದ ಚಂಡಿ,” ಎಂದಳು.

ಈ ವಾರ ಎರಡು ಸಲ ನನಗೆ ಈ ಮಾತು ಬಂತು. ಒಂದು ಹೊಗಳಿಕೆಯಾಗಿ, ಒಂದು ಬೈಗುಳವಾಗಿ.

ಏಪ್ರಿಲ್ ೨೦, ಭಾನುವಾರ

ನಾನು ಕೊಕ್ಕೆ ಇರುವ ದಾರವನ್ನು ನೀರಿಗೆ ಹಾಕುವುದಿಲ್ಲ ಎಂದು ಹೇಳಿಬಿಟ್ಟೆ. ಅನುಮಾನ ಬಂದರೆ ಬರಲಿ, ಸಾಕ್ಷಿಗಾಗಿ ನಾನೇ ಚುಚ್ಚಲಾರೆ. ಪುರಂದರ ಅವರು ಕಾರಣ ಕೇಳಲಿಲ್ಲ. ಜೇಬಿನಿಂದ ಇಕ್ಕಳ ತೆಗೆದು, ಜರಿಯ ನೊಣದ ಕೊಕ್ಕೆಯ ಬಾಗಿದ ಭಾಗವನ್ನು ಚಕ್ಕನೆ ಕತ್ತರಿಸಿ, ಉಳಿದದ್ದನ್ನು ನನ್ನ ಅಂಗೈಗೆ ಹಾಕಿದರು.

“ಈಗ ಮೀನಿಗೂ ನೋವಿಲ್ಲೆ, ನಿಂಗೂ ಪಾಪ ಇಲ್ಲೆ.”

ಹಾಗಾದರೆ ನೀವೂ ಯಾಕೆ ಹೀಗೇ ಮಾಡಬಾರದು ಎಂದು ಕೇಳಿದೆ. ಅವರು ಊರಲ್ಲಿ ಹಿಡಿದದ್ದನ್ನು ತಿಂದೇ ಬೆಳೆದದ್ದಂತೆ. ಇಲ್ಲಿಗೆ ಬಂದ ಮೇಲೆ ಹಿಡಿಯುವುದು ಹೋಯಿತು, ಹುರಿಯುವುದು ಉಳಿಯಿತು. ಹೋಟೆಲಿನಲ್ಲಿ ದಿನಕ್ಕೆ ಎಷ್ಟೋ ಮೀನು. ಎಲ್ಲ ಮಂಜುಗಡ್ಡೆಯ ಡಬ್ಬಿಯಲ್ಲಿ ಬರುವಂಥವು, ಒಂದೂ ಅವರ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ.

“ವಾರಕ್ಕೊಂದ್ ಜೀವ ಇದ್ದದ್ದ್ ಕೈಯಗೆ ಬಂದ್, ಕೈಯಿಂದ ಹೋಯ್ಕ್. ಅದ್ ಹ್ವಾಪ್ದ್ ಕಾಂಬುಕೇ ನಾ ಬಪ್ದ್.”

ವಾರಕ್ಕೊಮ್ಮೆ ಜೀವ ಇರುವುದೊಂದು ಕೈಗೆ ಬಂದು ಕೈಯಿಂದ ಹೋಗಬೇಕಂತೆ, ಅದು ಹೋಗುವುದನ್ನು ನೋಡಲಿಕ್ಕೇ ಬರುವುದಂತೆ. ಇದು ವಾದವಲ್ಲ, ಇದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದುಕೊಂಡೆ.

ನನ್ನ ಕೊಕ್ಕೆಯಿಲ್ಲದ ನೊಣಕ್ಕೆ ಮೀನು ಮೂರು ಸಲ ಎದ್ದಿತು. ಮೊದಲ ಸಲ ಕಾಲುಸಂಕದ ನೆರಳಿನಿಂದ, ಎರಡನೆಯದು ಬಿದ್ದ ಮರದ ಬೇರಿನ ಹಿಂದಿನಿಂದ, ಮೂರನೆಯದು ನಾನು ಮೀನೇ ಇಲ್ಲ ಎಂದುಕೊಂಡಿದ್ದ ಅಂಗೈಯಾಳದ ನೀರಿನಿಂದ. ನೀರು ಎಷ್ಟು ತಿಳಿಯೆಂದರೆ, ಮೊದಲು ಕೆಳಗಿನ ಮರಳಿನ ಮೇಲೆ ಮೀನಿನ ನೆರಳು ಕದಲುತ್ತದೆ, ಆಮೇಲೆ ಮೀನು ಕಾಣುತ್ತದೆ. “ಮೀನ್ ಹುಡ್ಕಬೇಡ, ನೆಳ್ಳ್ ಹುಡ್ಕ್” ಎಂದರು. ಹಾಗೆ ನೋಡಿದರೆ ಆ ಹತ್ತು ಗಜದಲ್ಲಿ ಏಳು ಮೀನಿದ್ದವು. ನಾನು ಎರಡು ವಾರದಿಂದ ಖಾಲಿ ನೀರನ್ನು ನೋಡುತ್ತಿದ್ದೆನಂತೆ.

ನಾಲ್ಕು ತಾಸು ಇದ್ದೆ. ಮೂರನೇ ಸಲ ಅದು ನೊಣವನ್ನು ಬಾಯಲ್ಲಿ ಹಿಡಿದು, ಹುಸಿ ಎಂದು ತಿಳಿದು, ಉಗುಳಿ ಹೋಯಿತು. ಉಗುಳಿದ್ದು ಸ್ಪಷ್ಟವಾಗಿ ಕಂಡಿತು.

ಅನೀಶನಿಗೆ ಹೇಳಬೇಕಾದ್ದು: ಇವತ್ತು ಸಾಕ್ಷಿ ಏನೂ ಸಿಗಲಿಲ್ಲ.

ಏಪ್ರಿಲ್ ೨೪, ಗುರುವಾರ

ಬರೆಯುವಂಥದ್ದು ಏನಿಲ್ಲ. ಪಾರ್ಕ್ ರಾಯಲ್ಲಿನಿಂದ ಬರುವಾಗ ಕಾಲುವೆಯ ಸೇತುವೆಯ ಮೇಲೆ ನಿಂತೆ. ಸಣ್ಣ ನೊಣಗಳು ಏಳುತ್ತಿದ್ದವು. ಹದಿನೆಂಟನೇ ನಂಬರಿನ ಬಸ್ಸು ಎರಡು ತಪ್ಪಿದವು.

ಏಪ್ರಿಲ್ ೨೭, ಭಾನುವಾರ

ಸಾಕ್ಷಿ ಸಿಕ್ಕಿತು.

ಎಲ್ಲರಿಗಿಂತ ಮೊದಲು ಹೋಗಿದ್ದೆ. ಕಾಲುಸಂಕದ ಕೆಳಗಿನ ಕಲ್ಲುಗಳ ನಡುವೆ ಸತ್ತ ಟ್ರೌಟ್. ಒಂದು ಪಕ್ಕೆಯಲ್ಲಿ ಬಿಳಿ ಬೂಸ್ಟು ಬೆಳೆದಿತ್ತು, ಹತ್ತಿಯ ಹಾಗೆ. ಸುಮ್ಮನೆ ಎಲ್ಲೆಂದರಲ್ಲಿ ಅಲ್ಲ, ಸರಿಯಾಗಿ ಬೆರಳುಗಳ ಆಕಾರದಲ್ಲಿ. ನಾಲ್ಕು ಪಟ್ಟಿ. ನಡುವಿನ ಒಂದು ಮೊಂಡು, ಬಹುಶಃ ಹಿಡಿದ ರೀತಿಯಿಂದ. ಹಿಡಿದವನ ಕೈ ಮೀನಿನ ಮೈಮೇಲೇ ಉಳಿದುಬಿಟ್ಟಿದೆ.

ಫೋಟೊ ತೆಗೆದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಇನ್ನೊಂದು ತೆಗೆದೆ. ಇಪ್ಪತ್ತೇಳು ಸೆಂಟಿಮೀಟರ್. ಅನೀಶನಿಗೆ ಕಳಿಸಿದೆ. “ದಿಸ್ ಈಸ್ ಇಟ್, ಸೌ. ದಿಸ್ ವಿನ್ಸ್ ಇಟ್” ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು.

ಪಾಠಕ್ಕೆ ನಿಲ್ಲಲಿಲ್ಲ. ಹೊಟ್ಟೆನೋವೆಂದು ಪುರಂದರ ಅವರಿಗೆ ಮೆಸೇಜು ಹಾಕಿದೆ. ಓಮದ ನೀರು ಕುಡಿ ಎಂದು ಬರೆದರು.

ಮೀನಿನ ಬೂಸ್ಟು ಹಿಡಿಯದ ಇನ್ನೊಂದು ಪಕ್ಕೆಯಲ್ಲಿ ಕೆಂಪು ಚುಕ್ಕೆಗಳು ಹಾಗೇ ಇದ್ದವು.

ಏಪ್ರಿಲ್ ೩೦, ಬುಧವಾರ

ಕರಪತ್ರ ಮುದ್ರಣವಾಯಿತು. ಮೀನಿನ ಚಿತ್ರ ನಿಜ ಅಳತೆಯಲ್ಲೇ ಹಾಳೆಯ ತುಂಬ. ಮೇಲೆ “ಅವರ ಕೈಗುರುತು” ಎಂಬ ಅರ್ಥದ ಒಂದು ಸಾಲು, ಹಿಂಬದಿಗೆ ನಾನು ಬರೆದ ಇನ್ನೂರು ಪದ. ಓದುವವಳಾಗಿದ್ದವಳು ಬರೆಯುವವಳಾದೆ. ಇನ್ನೊಬ್ಬ ಹುಡುಗಿ ಎಲ್ಲೋ ಇದನ್ನು ಮಂಚದ ಕೆಳಗಿನ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು. ಐನೂರು ಪ್ರತಿ. ಅನೀಶ್ ಮತ್ತು ಉಳಿದವರು ಕಾರ್ಶಲ್ಟನ್ ಸ್ಟೇಷನ್ನಿನಲ್ಲಿ ಹಂಚುತ್ತಾರೆ. ಒಳಗೆ ಓಡಾಡುವವಳಾದ್ದರಿಂದ ನಾನು ಹಂಚುವ ಹಾಗಿಲ್ಲ.

ಮೇ ೪, ಭಾನುವಾರ

ಪುರಂದರ ಅವರ ಕೈಯಲ್ಲಿ ಕರಪತ್ರವಿತ್ತು.

ಸಿಟ್ಟಾಗುತ್ತಾರೆ, ಯಾರೋ ಮಾಡಿದ ಸುಳ್ಳು ಚಿತ್ರ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಅನ್ನಲಿಲ್ಲ. ಚಿತ್ರ ನಿಜ ಎಂದರು. ಹಿಡಿಯಬಾರದ ರೀತಿಯಲ್ಲಿ ಹಿಡಿದಿದ್ದಾರೆ, ನೋಡಿದರೆ ತಿಳಿಯುತ್ತದೆ, ನಮ್ಮವರದೇ ತಪ್ಪು ಎಂದರು. ಹಿಡಿಯಬಾರದ ರೀತಿ ಯಾವುದೆಂದು ನಾನು ಕೇಳಲಿಲ್ಲ. ಎಲ್ಲ ರೀತಿಯೂ ಹಿಡಿಯಬಾರದ ರೀತಿಯೇ ಎಂಬುದು ನನ್ನ ನಿಲುವು.

ಹೊಸಬರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ವಿಚಾರಿಸಿದರು. ನನ್ನನ್ನು ಮಾತ್ರ ಕರೆಯಲಿಲ್ಲ. “ನಿನ್ನತ್ರ ಕೇಂಬುದೆಂತ, ನೀನ್ ಸಮಾ ಮಾಡಿದ್ದೆ” ಎಂದರು, ಸರಿಯಾಗಿ ಮಾಡಿದವಳನ್ನು ಕೇಳುವುದೇನು ಎಂಬಂತೆ. ಪೋಸ್ಟ್‌ಮನ್ ತುಂಬ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. ತಮಗೆ ಈಗೀಗ ಏನೂ ನೆನಪಿರುವುದಿಲ್ಲ, ತಾವೇ ಇರಬಹುದು ಎಂದರು. ಕೋಲನ್ನು ಒರೆಸಿ, ಚೀಲದಲ್ಲಿಟ್ಟು, ಸಂಘದ ಟೋಪಿಯನ್ನು ಬೆಂಚಿನ ಮೇಲೆ ಬಿಟ್ಟು ಹೋದರು.

ಪುರಂದರ ಅವರು ಇನ್ನು ಕಲಿಸುವುದಿಲ್ಲವಂತೆ. ಹದಿನೈದರ ಸಭೆಯಲ್ಲಿ ಅದನ್ನು ತಾವೇ ಹೇಳುತ್ತಾರಂತೆ. ಕಲಿಸಿದವನು ಸರಿಯಿದ್ದರೆ ಕಲಿತವರು ಹೀಗೆ ಮಾಡುತ್ತಿರಲಿಲ್ಲ ಎಂಬುದು ಅವರ ಲೆಕ್ಕ.

ನಾವು ಗೆಲ್ಲುತ್ತಿದ್ದೇವೆ. ಪೋಸ್ಟ್‌ಮನ್ನರ ಟೋಪಿ ಗಾಳಿಗೆ ಕೆಳಗೆ ಬಿತ್ತು. ಎತ್ತಿ ಮತ್ತೆ ಬೆಂಚಿನ ಮೇಲಿಟ್ಟೆ, ಮೇಲೊಂದು ಕಲ್ಲಿಟ್ಟೆ.

ಮೇ ೭, ಬುಧವಾರ

ಭಾಷಣ ಬರೆದೆ. ಮೂರು ನಿಮಿಷಕ್ಕೆ ಸರಿಯಾಗಿದೆ.

ಮೇ ೧೧, ಭಾನುವಾರ

ಕೊನೆಯ ಪಾಠ. ಬಂದವರು ಇಬ್ಬರೇ, ನಾನು ಮತ್ತು ಒಬ್ಬ ನರ್ಸ್. ನರ್ಸ್ ಬೇಗ ಹೋದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಕಾಲುಸಂಕದ ಕೆಳಗೆ ಓಡುವಷ್ಟರಲ್ಲಿ ನಾನು ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದೆ. ಪುರಂದರ ಅವರು ತಮ್ಮ ಚೀಲದಿಂದ ಟವೆಲು ತೆಗೆದು ಕೊಟ್ಟರು.

“ಪೂರಾ ಚಂಡಿ ಆಯ್ತಲ್ಲೆ ಮಾರಾಯ್ತಿ.”

ಚಂಡಿತನ ಮಾಡುವಂಥದ್ದು ನಾನೇನು ಮಾಡಿದೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಂಡಿ, ಬಿದ್ದ ನೀರನ್ನು ತೋರಿಸಿದರು.

“ಇದ್ ಕಾಣ್. ಚಂಡಿ. ನೀವ್ ಎಂತ ಅಂಬುದ್ ಇದ್ಕೆ?”

“ಒದ್ದಿ,” ಎಂದೆ.

“ಹಾಂ, ಅದೇ. ಒದ್ದೆ. ನಮ್ದ್ ಚಂಡಿ.”

ಮಳೆ ನಿಲ್ಲುವವರೆಗೂ ಅವರು ತಮ್ಮ ಊರಿನ ಮಳೆಯ ವಿಷಯ ಹೇಳುತ್ತಿದ್ದರು. ನಾನು ಹ್ಞೂಂಗುಟ್ಟಿದೆ ಎಂದು ಕಾಣುತ್ತದೆ. ನೀರು ಕದಡಿ ಕೆಳಗಿನ ನೆರಳುಗಳು ಕಾಣುತ್ತಿರಲಿಲ್ಲ.

ರೈಲಿನಲ್ಲಿ ಈ ಪುಸ್ತಕದ ಹಿಂದಿನ ಜೇಬಿನಿಂದ ಸಂಘದ ಕರಪತ್ರ ತೆಗೆದು ಓದಿದೆ. ಮೊದಲನೆಯ ನಿಯಮ, ದಪ್ಪ ಅಕ್ಷರದಲ್ಲಿ: ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಯ ಲೋಳೆಯೇ ಅದರ ರಕ್ಷಣೆ. ಒಣಗೈ ತಾಗಿದರೆ ಲೋಳೆ ಕಿತ್ತು ಬರುತ್ತದೆ, ಆ ಜಾಗಕ್ಕೆ ಕೆಲವು ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ, ಮೀನು ಸಾಯಬಹುದು.

ಕೈಗೆ ಸಿಕ್ಕ ಕರಪತ್ರಗಳಲ್ಲಿ ನಾನು ಓದದೆ ಇಟ್ಟದ್ದು ಇದೊಂದೇ.

ಮೇ ೧೨, ಸೋಮವಾರ

ನಮ್ಮ ಕರಪತ್ರದ ಚಿತ್ರದ ಮೇಲೆ ಬಲಗೈ ಇಟ್ಟೆ. ನಿಜ ಅಳತೆ.

ನಡುಬೆರಳು ಕೂಡ.

ಮೇ ೧೩, ಮಂಗಳವಾರ

ಅನೀಶನನ್ನು ವೆಂಬ್ಲಿಯ ಕೆಫೆಯಲ್ಲಿ ಕಂಡು ಎಲ್ಲ ಹೇಳಿದೆ. ಕೈಯನ್ನೂ ತೋರಿಸಿದೆ. ಅವನು ಕಾಫಿ ಕಲಕುತ್ತ, ಚಿತ್ರ ನಿಜ, ಮೀನು ಸತ್ತದ್ದು ನಿಜ, ಗಾಳ ಹಾಕದೇ ಹೋಗಿದ್ದರೆ ಅದು ದಡಕ್ಕೇ ಬರುತ್ತಿರಲಿಲ್ಲ ಎಂಬುದೂ ನಿಜ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

“ನೋಬಡಿ ನೀಡ್ಸ್ ಟು ನೋ ಹೂಸ್ ಹ್ಯಾಂಡ್ ಇಟ್ ಈಸ್.”

ಪೋಸ್ಟ್‌ಮನ್ ಹೋದದ್ದನ್ನು ಹೇಳಿದೆ. ಅವರು ಹೋದದ್ದು ಒಳ್ಳೆಯದೇ ಅಲ್ಲವೇ, ಒಬ್ಬ ಕಡಿಮೆಯಾದ ಎಂದ. ತಿಂಗಳ ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ, ಇಷ್ಟೇ ಪದಗಳಲ್ಲಿ.

ನಾನು ಬರದಿದ್ದರೆ ಭಾಷಣ ತಾನೇ ಓದುತ್ತೇನೆ ಎಂದ. ನಾನೇ ಬರುತ್ತೇನೆ ಎಂದೆ.

ಮೇ ೧೫, ಗುರುವಾರ

ಸಭೆ ಐದೂವರೆಗೆ. ಕೌನ್ಸಿಲಿನವರು ಐದು ಜನ ಮೇಜಿನ ಹಿಂದೆ, ಅಧ್ಯಕ್ಷೆ ನಡುವೆ. ಅವರೆಲ್ಲರ ಮುಂದೆ ನಮ್ಮ ಕರಪತ್ರ. ಪುರಂದರ ಅವರು ಕೋಟು ಹಾಕಿಕೊಂಡು ಸಂಘದವರ ಸಾಲಿನ ಕೊನೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ತಮ್ಮ ಪಕ್ಕದ ಕುರ್ಚಿಯ ಮೇಲಿನ ಚೀಲ ಎತ್ತಿ ಜಾಗ ಮಾಡಿದರು. ನಾನು ಎದುರು ಸಾಲಿಗೆ ಹೋಗಿ ಅನೀಶನ ಪಕ್ಕ ಕೂತೆ. ಅವರು ಚೀಲವನ್ನು ಮತ್ತೆ ಕುರ್ಚಿಯ ಮೇಲಿಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು.

ವಿರೋಧಿಸುವವರ ಸರದಿ ಮೊದಲು. ಎದ್ದು ನಿಂತೆ. ಬರೆದ ಭಾಷಣವನ್ನು ತೆಗೆಯಲಿಲ್ಲ. ಸಂತೋಷಕ್ಕಾಗಿ ಮೀನಿಗೆ ಕೊಕ್ಕೆ ಹಾಕುವುದು ತಪ್ಪೆಂದು ನಂಬಿದವಳು ನಾನು, ಇವತ್ತೂ ನಂಬುತ್ತೇನೆ, ಆದರೆ ನಿಮ್ಮ ಮುಂದಿರುವ ಚಿತ್ರದ ಕೈ ಸಂಘದ್ದಲ್ಲ ಎಂದೆ. ಒಣಗೈಯಲ್ಲಿ ಹಿಡಿದವಳು ನಾನೇ ಎಂದು ಅಂಗೈ ಎತ್ತಿ ತೋರಿಸಿದೆ. ಐವರೂ ಚಿತ್ರ ನೋಡಿದರು, ಕೈ ನೋಡಿದರು, ಮತ್ತೆ ಚಿತ್ರ ನೋಡಿದರು.

ಕೈ ಒದ್ದೆ ಮಾಡಿಕೊಳ್ಳಲು ಕಲಿಸುವವರು ಹೇಳಿರಲಿಲ್ಲವೇ ಎಂದು ಅಧ್ಯಕ್ಷೆ ಕೇಳಿದರು. ಹೇಳಿದ್ದರು, ಎರಡು ಸಲ ಕೂಗಿ ಹೇಳಿದ್ದರು, ನನ್ನ ಭಾಷೆಯಲ್ಲೇ ಹೇಳಿದ್ದರು ಎಂದೆ. ಅವರು ಬಳಸಿದ ಪದಕ್ಕೆ ಅವರಲ್ಲಿ ಒದ್ದೆ ಎಂದು ಅರ್ಥ, ನಮ್ಮಲ್ಲಿ ಹಠಮಾರಿ, ಉಗ್ರ ಎಂದು ಅರ್ಥ. ನಾನು ಉಗ್ರವಾಗಿ ಹಿಡಿದೆ.

ಅಧ್ಯಕ್ಷೆ ಕನ್ನಡಕ ತೆಗೆದರು. ಅವೆರಡೂ ಒಂದೇ ಭಾಷೆಯೇ ಎಂದು ಕೇಳಿದರು. ಹೌದು ಎಂದೆ. ಯಾರೋ ನಕ್ಕರು. ಚಿತ್ರದ ಮೀನಿಗೆ ತಾನೇ ಕಾರಣ ಎಂದುಕೊಂಡು ಒಬ್ಬ ಹಿರಿಯರು ಸಂಘ ಬಿಟ್ಟಿದ್ದಾರೆ, ಅವರಿಗೆ ಯಾರಾದರೂ ತಿಳಿಸಬೇಕು ಎನ್ನುವಷ್ಟರಲ್ಲಿ ಮೂರು ನಿಮಿಷ ಮುಗಿಯಿತು.

ಅನೀಶ್ ಅಷ್ಟರಲ್ಲಿ ಎದ್ದು ಹೋಗಿದ್ದ. ಗುಂಪಿನ ವಾಟ್ಸಾಪಿನಿಂದ ನನ್ನನ್ನು ತೆಗೆದದ್ದು ನಾನು ಇನ್ನೂ ನಿಂತಿರುವಾಗಲೇ ಇರಬೇಕು.

ತೀರ್ಪು: ದಡವನ್ನು ಸಂಘಕ್ಕೆ ಇನ್ನೊಂದು ವರ್ಷ ಕೊಟ್ಟರು. ಹೊಸಬರಿಗೆ ಕಲಿಸುವುದನ್ನು ಈ ಹಂಗಾಮಿಗೆ ನಿಲ್ಲಿಸಿದರು. ಪುರಂದರ ಅವರು ಹೇಳಬೇಕೆಂದಿದ್ದದ್ದನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅವರು ಕಾಯುತ್ತಿದ್ದರು.

“ಭಾಳ ಚಂಡಿ ಆತು ಅಂದಿದ್ದೆ ಅಲ್ದಾ,” ಎಂದರು, ನನ್ನ ಧಾಟಿಯಲ್ಲೇ.

“ಅಂದಿದ್ದೆರಿ.”

“ನಮ್ಮನ್ ಹಿಡ್ಕೊಡುಕೇ ಬಂದದ್ದಾ ನೀನ್, ಸುರುವಿಂದ?”

ಹೌದು ಎಂದೆ. ಅವರು ತಲೆಯಾಡಿಸಿದರು. ಕೋಪವಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

“ಒಂದ್ ತಿಂಗ್ಳ್ ಹೊಳಿ ಕಂಡ್ಯಲ್ಲ. ಎಂತ ಕಂಡೆ?”

ನಾನು ಉತ್ತರ ಕೂಡಿಸಿಕೊಳ್ಳುತ್ತಿದ್ದೆ. ಅವರ ಬಸ್ಸು ಬಂತು, ಹತ್ತಿ ಹೋದರು.

ಮೇ ೧೮, ಭಾನುವಾರ

ಪಾಠವಿಲ್ಲ. ಗುಂಪೂ ಇಲ್ಲ. ಆದರೂ ಎರಡು ಟ್ಯೂಬ್, ಒಂದು ರೈಲು. ಕೋಲು ಸಂಘದ್ದು, ಅದನ್ನು ಹಿಂದಿರುಗಿಸಿ ಆಗಿದೆ. ಬರಿಗೈಯಲ್ಲಿ ಕಾಲುಸಂಕದ ಮೇಲೆ ಬೋರಲಾಗಿ ಮಲಗಿ ನೋಡಿದೆ. ಹತ್ತು ಗಜದಲ್ಲಿ ಆರು ನೆರಳು. ಮೊದಲು ಏಳಿದ್ದವು. ಒಂಬತ್ತು ಗಂಟೆಗೆ ಹೋದವಳು ಎರಡಕ್ಕೆ ಎದ್ದೆ.

ಪೋಸ್ಟ್‌ಮನ್ ಬಂದಿದ್ದರು. ಟೋಪಿ ಹಾಕಿಕೊಂಡಿದ್ದರು. ನನ್ನನ್ನು ಗುರುತು ಹಿಡಿಯಲಿಲ್ಲ. ಮೀನು ಎಲ್ಲಿವೆ ಎಂದು ಕೇಳಿದರು. ಮೀನು ಹುಡುಕಬೇಡಿ, ನೆರಳು ಹುಡುಕಿ ಎಂದೆ.

ಮೇ ೨೪, ಶನಿವಾರ

ಬೆಳಿಗ್ಗೆ ಅವ್ವ ಅಡುಗೆಮನೆಯಿಂದ ಕರೆದಳು. ದೊಡ್ಡ ಭರಣಿಯ ಮಾವಿನಕಾಯಿಗೆ ಬೂಸ್ಟು ಹಿಡಿದಿತ್ತು. ಈ ಚೈತ್ರದಲ್ಲಿ ಹಾಕಿದ್ದು, ವರ್ಷಕ್ಕೆಂದು ಇಟ್ಟದ್ದು.

“ಯಾರ್ ಒದ್ದಿ ಕೈ ಹಾಕೀರಿ ಇದಕ್ಕ?”

ಅಪ್ಪ ತಾನಲ್ಲ ಎಂದ. ನಾನೂ ಅಲ್ಲ ಎನ್ನುವವಳಿದ್ದೆ. ಆಗ ನೆನಪಾಯಿತು. ಈ ವಾರ ಡಬ್ಬಿ ಕಟ್ಟಿಕೊಳ್ಳುವಾಗ ಭರಣಿಗೆ ಕೈ ಹಾಕುವ ಮೊದಲು ನಲ್ಲಿಯ ಕೆಳಗೆ ಕೈ ಹಿಡಿಯುತ್ತಿದ್ದೆ, ಒರೆಸಿಕೊಳ್ಳುತ್ತಿರಲಿಲ್ಲ. ಯಾವಾಗಿನಿಂದ ಹೀಗೆ ಮಾಡುತ್ತಿದ್ದೇನೋ ಗೊತ್ತಿಲ್ಲ. ಫ್ಯಾಕ್ಟರಿಯಲ್ಲೂ ಗುರುವಾರ ವಿಶಾಲಾಕ್ಷಿ ನನ್ನನ್ನು ವಾಪಸ್ಸು ಕಳಿಸಿದ್ದರು.

“ನಂದವ್ವಾ. ನನ್ನ ಕೈ.”

ಅವ್ವ ನನ್ನನ್ನು ನೋಡಿದಳು. ಅವಳು ಕೇಳಿದ ಕೂಡಲೇ ನಾನು ಒಪ್ಪಿಕೊಂಡ ಮೊದಲನೇ ತಪ್ಪು ಇದಂತೆ. ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ದುಡಿಯುವವಳು ಎಂದು ಆಮೇಲೆ ಬೈದಳು.

ಕೈ ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿ, ಮೇಲಿನ ಬಿಳಿಯನ್ನು ಚಮಚದಿಂದ ಪದರ ಪದರವಾಗಿ ತೆಗೆದೆ. ಕೆಳಗಿನದು ಇನ್ನೂ ಚೆನ್ನಾಗಿತ್ತು. ಎಣ್ಣೆ ಕಾಯಿಸಿ ಆರಿಸಿ ಮೇಲೆ ಹೊಯ್ದೆವು. ಒಂದು ಸಣ್ಣ ಬಾಟಲಿಗೆ ಬೇರೆ ತುಂಬಿಸಿದೆ.

ಅದು ಯಾರಿಗೆ ಎಂದು ಅವ್ವ ಕೇಳಿದಳು.

ನಾಳೆ ಭಾನುವಾರ, ಪುರಂದರ ಅವರಿಗೆ ರಜೆ.